ಐವತ್ತೆಂಟನೇ ನಂಬರಿನ ಹನ್ನೆರಡು ಮಕ್ಕಳು

ಬೆಳಿಗ್ಗೆ ಐದೂಮುಕ್ಕಾಲು. ಹಾಲಿನ ಕೇಂದ್ರದ ಷಟರ್ ಅರ್ಧ ಮೇಲೇರಿದೆ. ಒಳಗೆ ಒದ್ದೆ ನೆಲದ ಮೇಲೆ ರಬ್ಬರ್ ಚಪ್ಪಲಿ ಮೆಟ್ಟಿ ನಿಂತ ಹೆಂಗಸೊಬ್ಬರು ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ಹಾಲಿಗೆ ಇಳಿಬಿಡುತ್ತಾರೆ. ಅದು ಎರಡು ಸಲ ಕುಣಿದು ನಿಲ್ಲುತ್ತದೆ.

“ನೀರು ಜಾಸ್ತಿ ಇದೆಯಲ್ಲ ಮಾವ.”

“ರಾತ್ರಿಯೆಲ್ಲ ಮಳೆ ಬಂತಲ್ಲಮ್ಮ,” ಎನ್ನುತ್ತಾರೆ ಸಾಲಿನಲ್ಲಿ ಮೊದಲು ನಿಂತ ಮುದುಕರು.

“ಮಳೆ ನಿಮ್ಮ ಪಾತ್ರೆಯೊಳಗೇ ಬಂತಾ?”

ಸಾಲು ನಗುತ್ತದೆ. ಮುದುಕರೂ ನಗುತ್ತಾರೆ. ಅವರ ಹಾಲು ಕ್ಯಾನಿಗೆ ಬೀಳುವುದಿಲ್ಲ.

ಊರಿನವರ ಬಾಯಲ್ಲಿ ಇವರು ಡೇರಿ ಅಕ್ಕ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಸುಮಾರು ನಾನೂರು ಲೀಟರ್, ಸಂಜೆ ಮುನ್ನೂರು. ಹಾಲು ಹಾಕುವ ಮನೆ ಅರವತ್ತಮೂರು. ಪ್ರತಿ ಮನೆಗೂ ಹಾಲಿನ ಸಂಘ ಕೊಟ್ಟ ಒಂದು ನಂಬರಿದೆ. ಅಕ್ಕ ಹೆಸರು ಕೂಗುವುದು ಕಡಿಮೆ. “ಹೆಸರು ಕೇಳಿದ್ರೆ ಒಂದು ಗಳಿಗೆ ಯೋಚಿಸ್ಬೇಕು. ನಂಬರು ಹೇಳಿ, ಆ ಮನೆ ಕರುವಿನ ಬಣ್ಣ ಬೇಕಾದ್ರೂ ಹೇಳ್ತೀನಿ,” ಎನ್ನುತ್ತಾರೆ.

ನಾನು ಬಂದಿರುವುದು ಅವರು ಹಾಲಿನ ಕೇಂದ್ರದ ಹಿಂದಿನ ಕೋಣೆಯಲ್ಲಿ ಶುರು ಮಾಡಿದ ಮಕ್ಕಳ ಕ್ಲಬ್ಬನ್ನು ನೋಡಿ ಪತ್ರಿಕೆಗೆ ಬರೆಯಲು. ಬಂದ ದಿನ ಮಾತ್ರ ಸರಿಯಿಲ್ಲ. ಇವತ್ತು ಸಂಜೆಯೊಳಗೆ ಅವರು ಸಂಘದ ಕಾರ್ಯದರ್ಶಿಗೆ ಕ್ಲಬ್ಬಿನ ಮಕ್ಕಳ ಪಟ್ಟಿ ಕೊಡಬೇಕು. ಮೂವತ್ತನಾಲ್ಕು ಹೆಸರಿನಲ್ಲಿ ಹನ್ನೊಂದನ್ನು ಹೊಡೆದುಹಾಕಬೇಕು, ಇಲ್ಲವೇ ಕೋಣೆಯ ಬೀಗದ ಕೈ ಒಪ್ಪಿಸಬೇಕು.

“ಶುರು ಮಾಡಿದ್ದು ಅನ್ಬೇಡಿ ಮೇಡಂ,” ಎಂದು ಅವರು ಮೊದಲೇ ತಿದ್ದುತ್ತಾರೆ. “ಜಗಳ ಬಿಡಿಸಿದ್ದು ಅಷ್ಟೆ.”

ಆದದ್ದು ಹೀಗೆ. ಸಂಜೆಯ ಹಾಲನ್ನು ಹೆಚ್ಚಾಗಿ ಮಕ್ಕಳೇ ತರುತ್ತಾರೆ. ಹೋದ ವರ್ಷ ಸಾಲಿನಲ್ಲಿ ನೂಕಾಡಿ ಆರು ಲೀಟರ್ ಹಾಲು ಚೆಲ್ಲಿತು. ಹಿಂದಿನ ಕೋಣೆಯಲ್ಲಿದ್ದ ಹಿಂಡಿ ಮೂಟೆಗಳನ್ನು ಆಗಷ್ಟೇ ಬೇರೆ ಕಡೆಗೆ ಸಾಗಿಸಿದ್ದರು. ಅಕ್ಕ ಬಾಗಿಲು ತೆಗೆದು, “ಹೊಡೆದಾಡೋದಾದ್ರೆ ಒಳಗೆ ಹೋಗಿ ಹೊಡೆದಾಡಿ” ಎಂದರು. ಮಕ್ಕಳು ಹೋದರು. ಮಾರನೆಯ ದಿನವೂ ಹೋದರು. ಮೂರನೆಯ ದಿನ ಒಬ್ಬಳು ಕೇರಂ ಬೋರ್ಡು ತಂದಳು. ವಾರದೊಳಗೆ ಗೋಡೆಯ ಮೇಲೆ ‘ಕ್ಲಬ್’ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು.

ಅಲ್ಲಿಂದ ಊರಿಗೇ ಗೊಂದಲ. ಕ್ಲಬ್ ಎಂದರೆ ಇಸ್ಪೀಟು ಎಂದುಕೊಂಡ ತಾತನೊಬ್ಬರು ಎರಡು ದಿನ ಬಾಗಿಲಲ್ಲಿ ಸುಳಿದಾಡಿ ನಿರಾಸೆಯಿಂದ ವಾಪಸಾದರು. ಟ್ಯೂಷನ್ ಎಂದುಕೊಂಡ ತಾಯಂದಿರು ಪರೀಕ್ಷೆಯ ಅಂಕ ಹಿಡಿದು ಜಗಳಕ್ಕೆ ಬಂದರು. “ಏಳನೇ ನಂಬರಿನವರು ಬಂದು, ನಿಮ್ಮ ಕ್ಲಬ್ಬಿಗೆ ಕಳಿಸಿದ್ರೂ ನಮ್ಮೋನು ಗಣಿತದಲ್ಲಿ ಫೇಲು ಅಂದ್ರು. ನಾನು ಗಣಿತ ಹೇಳ್ಕೊಟ್ಟೆ ಅಂತ ಯಾರಂದ್ರು? ನಂಗೇ ಬರಲ್ಲ!”

ಹಾಗಾದರೆ ಮಕ್ಕಳು ಇಲ್ಲಿ ಏನು ಮಾಡುತ್ತಾರೆ ಎಂದು ಕೇಳುತ್ತೇನೆ. ಅಕ್ಕ ಬೆರಳು ಮಡಿಸುತ್ತ ಎಣಿಸುತ್ತಾರೆ. “ಓದ್ತಾರೆ. ಆಡ್ತಾರೆ. ಕೆಟ್ಟ ರೇಡಿಯೊ ಬಿಚ್ಚಿ ಇನ್ನೂ ಕೆಡಿಸ್ತಾರೆ. ಕೆಲವು ದಿನ ಸುಮ್ನೆ ಕೂತಿರ್ತಾರೆ. ಅದಕ್ಕೇನಂತಾರೋ ನಂಗೊತ್ತಿಲ್ಲ.” ನಾನೂ ಟಿಪ್ಪಣಿ ಪುಸ್ತಕದಲ್ಲಿ ಆ ಜಾಗವನ್ನು ಖಾಲಿ ಬಿಡುತ್ತೇನೆ.

ಒಂದು ತಪ್ಪನ್ನು ಮಾತ್ರ ಅವರು ತಾವಾಗಿಯೇ ಹೇಳಿಕೊಳ್ಳುತ್ತಾರೆ. ಮೊದಲ ದಿನದಿಂದಲೂ ಹಾಜರಿಯನ್ನು ಹಾಲಿನ ನಂಬರಿನಲ್ಲೇ ಕೂಗಿದರು. ನಲವತ್ತೆರಡು ಬಂತಾ, ಹದಿನಾರರ ದೊಡ್ಡವಳೆಲ್ಲಿ, ಹೀಗೆ. ಹಸು ಕಟ್ಟದ ಮನೆಗಳ ಮಕ್ಕಳು ಕಿಟಕಿಯ ಆಚೆಗೇ ನಿಂತಿರುತ್ತಿದ್ದರು. ಗಾರೆ ಕೆಲಸದವರ ಮಗಳು, ದರ್ಜಿಯ ಮಕ್ಕಳು, ಅಂಗಡಿಯಾಕೆಯ ಮೊಮ್ಮಗ. ಅವರಿಗೆ ಬರಲು ಮನಸ್ಸಿಲ್ಲ ಎಂದುಕೊಂಡು ಅಕ್ಕ ಸುಮ್ಮನಿದ್ದರು. ಮೂರು ವಾರವಾದ ಮೇಲೆ ಗಾರೆಯವರ ಮಗಳು ಕಿಟಕಿಯ ಸರಳು ಹಿಡಿದು ಕೇಳಿದಳು: “ಅಕ್ಕಾ, ಹಸು ಇಲ್ಲದೋರು ಎಷ್ಟನೇ ನಂಬರು?”

“ಬಾಗಿಲು ತೆಗೆದು ‘ಎಲ್ಲ ಬನ್ನಿ’ ಅಂದೆ,” ಎನ್ನುತ್ತಾರೆ. “ಮೂರು ವಾರ ಮೇಡಂ. ನಿಂತ್ಕೊಂಡೇ ಇದ್ವು.”

ಅಂದೇ ಹನ್ನೊಂದು ಮಕ್ಕಳು ಒಳಗೆ ಬಂದರು. ಈಗ ಅದೇ ಹನ್ನೊಂದರ ಮೇಲೆ ಕಣ್ಣು. ಯಾರೋ ತಕರಾರು ಬರೆದು ಕಳಿಸಿದ್ದಾರೆ: ಕೋಣೆ ಹಾಲಿನ ಸಂಘದ್ದು, ಸದಸ್ಯರ ಮನೆಯ ಮಕ್ಕಳಿಗೆ ಮಾತ್ರ ಇರಲಿ. ಕಾರ್ಯದರ್ಶಿ ಒಳ್ಳೆಯ ಮನುಷ್ಯರು, ಅದೇ ಅಕ್ಕನಿಗೆ ಕಷ್ಟವಾಗಿರುವುದು. “ಅವರು ಬೈದಿದ್ರೆ ನಾನೂ ಬೈದು ಬರ್ತಿದ್ದೆ. ಅವರು ‘ರೂಲ್ಸ್ ಹಾಗಿದೆ ಅಕ್ಕ, ನಾನೇನು ಮಾಡ್ಲಿ’ ಅಂತಾರೆ. ಹೌದಲ್ಲ ಅನ್ಸುತ್ತೆ. ಮನೆಗೆ ಬಂದ್ರೆ, ಅಲ್ಲ ಅನ್ಸುತ್ತೆ.”

ಏಳೂವರೆಗೆ ಲಾರಿ ಕ್ಯಾನುಗಳನ್ನು ಹೊತ್ತು ಹೋಗುತ್ತದೆ. ಅಕ್ಕ ನೆಲ ತೊಳೆಯುತ್ತ ಲೆಕ್ಕ ಹಾಕುತ್ತಾರೆ. ಹನ್ನೊಂದನ್ನು ಬಿಟ್ಟರೆ ಇಪ್ಪತ್ತಮೂರು ಮಕ್ಕಳಿಗೆ ಕೋಣೆ ಉಳಿಯುತ್ತದೆ. ಬಿಡದಿದ್ದರೆ ಮೂವತ್ತನಾಲ್ಕೂ ಬೀದಿಗೆ. ಮನೆಗೇ ಕರೆಯೋಣವೆಂದರೆ ಇರುವುದು ಒಂದೂವರೆ ಕೋಣೆ, ಅದರಲ್ಲಿ ಅರ್ಧ ಅತ್ತೆಯ ಮಂಚ. ಮಧ್ಯಾಹ್ನ ಪಟ್ಟಿ ಬರೆಯಲು ಕೂರುತ್ತಾರೆ. ಬರೆದು ಹರಿಯುತ್ತಾರೆ. ಮಂಚದಿಂದ ಅತ್ತೆ ಕೂಗುತ್ತಾರೆ: “ಹಾಲು ಅಳೆಯೋಳಿಗೆ ಊರ ಮಕ್ಕಳ ಉಸಾಬರಿ ಯಾಕೆ ಬೇಕಿತ್ತು?” ಇದೇ ಪ್ರಶ್ನೆಯನ್ನು ಅಕ್ಕ ನನಗೂ ಎರಡು ಸಲ ಕೇಳಿದ್ದಾರೆ.

ಸಂಜೆ ಆರು. ಹಾಲು ಅಳೆದು ಮುಗಿಸಿ ಸಂಘದ ಕಚೇರಿಗೆ ಬಂದಿದ್ದೇವೆ. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಪಟ್ಟಿ ಓದುತ್ತಾರೆ. ಪ್ರತಿ ಹೆಸರಿನ ಮುಂದೆ ಮನೆಯ ನಂಬರಿದೆ. ಓದುತ್ತ ಓದುತ್ತ ಬೆರಳು ನಿಲ್ಲುತ್ತದೆ.

“ಐವತ್ತೆಂಟು ನಿಮ್ಮನೆ ನಂಬರಲ್ವಾ ಅಕ್ಕ?”

“ಹೌದು.”

“ಐವತ್ತೆಂಟಕ್ಕೆ ಹನ್ನೆರಡು ಮಕ್ಕಳು ಬರೆದಿದ್ದೀರಿ.”

“ನನ್ನ ಮಗಳೂ ಸೇರಿ.”

“ಒಂದು ಮನೆಗೆ ಹನ್ನೆರಡಾ?”

“ಮನೆಗೆ ಇಷ್ಟೇ ಮಕ್ಕಳು ಅಂತ ರೂಲ್ಸಲ್ಲಿ ಇದ್ರೆ ತೋರ್ಸಿ ಸಾರ್, ಹೊಡೆದುಹಾಕ್ತೀನಿ.”

ಕಾರ್ಯದರ್ಶಿ ನಿಯಮದ ಪುಸ್ತಕ ತಿರುವುತ್ತಾರೆ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಕೊನೆಗೆ ತಲೆ ಕೆರೆದುಕೊಂಡು ಸೀಲು ಒತ್ತುತ್ತಾರೆ. ಒತ್ತಿದ ಮೇಲೆ ಒಂದು ಮಾತು ಸೇರಿಸುತ್ತಾರೆ: “ಹಾಲು ಹಾಕ್ತಾ ಇರೋವರೆಗೆ ಮಾತ್ರ ನಂಬರು. ನಿಮ್ಮ ಹಸು ಹಾಲು ನಿಲ್ಲಿಸಿದ್ರೆ ನಂಬರೂ ರದ್ದು, ಗೊತ್ತಲ್ಲ?”

ಗೊತ್ತು. ಐವತ್ತೆಂಟನೇ ಮನೆಯಲ್ಲಿ ಇರುವುದು ಒಂದೇ ಹಸು. ಎಂಟು ಕರು ಹಾಕಿ ಎಂಟನೇ ಸೂಲಿನಲ್ಲಿದೆ. ದಿನಕ್ಕೆ ಮೂರು ಲೀಟರ್ ಕೊಟ್ಟರೆ ಹೆಚ್ಚು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿದೆ. ಕೊಟ್ಟಿಗೆಯ ಮುಂದೆ ಮಕ್ಕಳ ಸಂತೆ, ಎಲ್ಲರ ಕಂಕುಳಲ್ಲೂ ಹುಲ್ಲು. ನಂಬರಿದ್ದವರು, ಇಲ್ಲದವರು, ಯಾರು ಯಾರೆಂದು ನನಗೆ ತಿಳಿಯುವುದಿಲ್ಲ. ಹಸು ಇವರನ್ನೆಲ್ಲ ಪಿಳಿಪಿಳಿ ನೋಡುತ್ತಿದೆ.

“ಇಷ್ಟೂ ತಿನ್ನಿಸಿದ್ರೆ ಹೊಟ್ಟೆ ಉಬ್ಬಿ ಇವತ್ತೇ ಸಾಯುತ್ತೆ! ತೆಗೀರೋ ಆಚೆಗೆ!” ಎಂದು ಅಕ್ಕ ಗದರುತ್ತಾರೆ. ಆಮೇಲೆ ಹುಲ್ಲಿನ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಹಸುವಿನ ಕೊರಳಡಿಯ ಗಂಗೆದೊಗಲು ಸವರುತ್ತ, ನನ್ನತ್ತ ನೋಡದೆ ಹೇಳುತ್ತಾರೆ:

“ನಾನು ಮಾಡಿದ್ದು ಸರೀನಾ ತಪ್ಪಾ, ಅದು ನಂಗಿನ್ನೂ ಗೊತ್ತಾಗಿಲ್ಲ ಮೇಡಂ. ಇವಳು ಇನ್ನೊಂದು ಸೂಲು ಕೊಟ್ರೆ ಸಾಕು. ಅಷ್ಟರಲ್ಲಿ ಏನಾದ್ರೂ ಹೊಳೆಯುತ್ತೆ.”