ಕಾಲು ಎತ್ತಬೇಡಿ ಭಾವ

ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ಇರುವುದು ಒಬ್ಬಳೇ ಹೆಂಗಸು. ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ, ಅದನ್ನು ಓದುವವನು ಗುಮಾಸ್ತ ಮಾತ್ರ. ಉಳಿದವರಿಗೆಲ್ಲ ಆಕೆ ಬ್ರೇಕಕ್ಕ. ಇಪ್ಪತ್ತು ವರ್ಷದ ಕೆಳಗೆ ಡಿಪೋ ಗುಡಿಸಲು ಸೇರಿದವಳು. ಗುಡಿಸುತ್ತಲೇ ಮೆಕ್ಯಾನಿಕ್ಕುಗಳ ಕೈ ನೋಡಿ ನೋಡಿ ಕೆಲಸ ಕಲಿತಳು, ಇಲಾಖೆಯ ಪರೀಕ್ಷೆಯನ್ನೂ ಪಾಸು ಮಾಡಿದಳು. ಆದರೂ ನಟ್ಟು ತಿರುಗಿಸುವ ಪಾನಾ ಕೈಗೆ ಕೊಡಲಿಲ್ಲ.

"ಹೆಂಗಸು ಬಸ್ಸಿನ ಕೆಳಗೆ ಮಲಗೋದು ಚೆನ್ನಾಗಿರೋಲ್ಲಮ್ಮ" ಎಂದರು ಆಗಿನ ಮ್ಯಾನೇಜರು.

"ಹಾಗಾದ್ರೆ ಬಸ್ಸಿನ ಮುಂದೆ ಮಲಗ್ತೀನಿ ಬಿಡಿ" ಎಂದವಳೇ ಡಿಪೋ ಗೇಟಿಗೆ ಅಡ್ಡ ಚಾಪೆ ಹಾಸಿದಳು. ಡಿಪೋದ ನಾವೊಂದಿಷ್ಟು ಜನ ಅವಳ ಅಕ್ಕಪಕ್ಕ ಕೂತೆವು. ಒಂಬತ್ತನೆಯ ದಿನ ಪಾನಾ ಬಂತು. ಆ ಚಾಪೆಯನ್ನು ಅವಳು ಇನ್ನೂ ಎಸೆದಿಲ್ಲ. ಬಸ್ಸಿನ ಕೆಳಗೆ ಮಲಗುವುದು ಅದರ ಮೇಲೆಯೇ.

ಅವಳ ಅಕ್ಕನ ಗಂಡ ಅದೇ ಡಿಪೋದಲ್ಲಿ ಡ್ರೈವರು. ಅವನಿಗೆ ಎಲ್ಲರೂ ಇಟ್ಟ ಹೆಸರು ತಬಲಾ. ಕಾರಣ ಅವನ ಬಲಗಾಲು. ಹಳೆಯ ಬಸ್ಸುಗಳಲ್ಲಿ ಒದ್ದೆ ರಸ್ತೆಯ ಮೇಲೆ ಬ್ರೇಕನ್ನು ಒಂದೇ ಸಲ ಒತ್ತಿ ಹಿಡಿದರೆ ಗಾಲಿ ಜಾಮ್ ಆಗುತ್ತದೆ. ಜಾಮ್ ಆದ ಗಾಲಿ ಉರುಳುವುದಿಲ್ಲ, ಜಾರುತ್ತದೆ. ಆಗ ಸ್ಟೀರಿಂಗನ್ನು ಎತ್ತ ತಿರುಗಿಸಿದರೂ ಬಸ್ಸು ಮೂಗಿನ ನೇರಕ್ಕೇ ಹೋಗುತ್ತದೆ. ಅದಕ್ಕೇ ಹಳಬರು ಒತ್ತಿ, ಬಿಟ್ಟು, ಮತ್ತೆ ಒತ್ತಿ ಬಸ್ಸನ್ನು ಪುಸಲಾಯಿಸಿ ನಿಲ್ಲಿಸುತ್ತಿದ್ದರು. ಈ ತಟ್ಟುವ ವಿದ್ಯೆಯಲ್ಲಿ ನಮ್ಮ ತಬಲಾನನ್ನು ಮೀರಿಸುವವರಿರಲಿಲ್ಲ. ಇಪ್ಪತ್ತೆಂಟು ವರ್ಷ, ಒಂದು ಗೀರಿಲ್ಲ. ಆ ಜಂಬದಲ್ಲೇ ಅವನು ಬಲಗಾಲನ್ನು ಎಡಗಾಲಿಗಿಂತ ಚೆನ್ನಾಗಿ ತಿಕ್ಕಿ ತೊಳೆಯುತ್ತಾನೆ ಎಂದು ಹೆಂಡತಿಯೇ ಊರಿಗೆಲ್ಲ ಹೇಳಿದ್ದಳು.

ಹೀಗಿರುವಾಗ ಇಕ್ಕಟ್ಟಿನ ಬೀದಿಗಳಿಗೆಂದು ಹೊಸ ಸಣ್ಣ ಬಸ್ಸುಗಳು ಬಂದವು. ಅವುಗಳಲ್ಲಿ ಎಬಿಎಸ್ ಎಂಬ ಹೊಸ ಬ್ರೇಕು. ಜೊತೆಗೇ ಒಂದು ಪರೀಕ್ಷೆಯೂ ಬಂತು. ಡಿಪೋದ ಹಿಂದಿನ ಅಂಗಳಕ್ಕೆ ಸೋಪಿನ ನೀರು ಚೆಲ್ಲಿ, ನಡುವೆ ಗೋಣಿಚೀಲದ ಬೊಂಬೆ ಮನುಷ್ಯನನ್ನು ನಿಲ್ಲಿಸಿ, ಅದರ ತಲೆಗೆ ಮ್ಯಾನೇಜರ ಹಳೆಯ ಟೋಪಿ ಇಟ್ಟರು. ನಲವತ್ತರ ವೇಗದಲ್ಲಿ ಬಂದು, ಬಿಳಿ ಗೆರೆಯ ಹತ್ತಿರ ಬ್ರೇಕ್ ಹಾಕಿ, ಆ ಚೀಲದಪ್ಪನಿಗೆ ತಾಕದೆ ಪಕ್ಕದಿಂದ ಬಳಸಿ ಬಸ್ಸು ನಿಲ್ಲಿಸಬೇಕು. ತಪ್ಪಿದವನಿಗೆ ಗೇಟ್ ಕೆಲಸ: ತನ್ನ ಬಸ್ಸನ್ನು ಇನ್ನೊಬ್ಬ ಓಡಿಸಿಕೊಂಡು ಹೋಗುವಾಗ ಗೇಟು ತೆರೆದು ಕೈ ಎತ್ತುವುದು. ತಬಲಾನಿಗೆ ಇನ್ನೂ ಐದು ವರ್ಷ ಸರ್ವಿಸ್ ಇತ್ತು.

ಗೆರೆ ಬಂತು. ತಬಲಾ ತಟ್ಟಿದ. ತಟ್ಟಿದ, ಬಿಟ್ಟ, ತಟ್ಟಿದ. ಬಿಟ್ಟಾಗಲೆಲ್ಲ ಬಸ್ಸು ಮುಂದಕ್ಕೆ ಜಾರಿತು. ಕೊನೆಗೆ ಗಾಬರಿಯಲ್ಲಿ ಒತ್ತಿ ಹಿಡಿದ. ಆಗ ಪೆಡಲ್ಲು ಕಾಲಡಿಯಲ್ಲಿ ಗರಗರ ಎಂದು ತಿರುಗಿ ಒದೆಯಿತು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಪೆಡಲ್ಲೂ ಅವನಿಗೆ ಎದುರುತ್ತರ ಕೊಟ್ಟಿರಲಿಲ್ಲ. ಏನೋ ಮುರಿಯಿತೆಂದು ಕಾಲು ಎತ್ತಿಬಿಟ್ಟ. ಚೀಲದಪ್ಪ ಬಸ್ಸಿನ ಕೆಳಗೆ ಹೋದ, ಟೋಪಿ ಹಪ್ಪಳವಾಯಿತು.

"ಸಾಹೇಬರು ಅಮರರಾಗಲಿ!" ಎಂದು ಗೋಡೆಯ ಮೇಲೆ ಕೂತಿದ್ದ ಡ್ರೈವರುಗಳು ಸಿಳ್ಳೆ ಹೊಡೆದರು.

ಮ್ಯಾನೇಜರು ನಗಲಿಲ್ಲ. "ಒಂದು ವಾರ ಟೈಮು. ಇನ್ನೊಂದೇ ಚಾನ್ಸು" ಎಂದರು.

ಸಂಜೆ ಬ್ರೇಕಕ್ಕ ಅಕ್ಕನ ಮನೆಗೆ ಹೋದಳು. ಅಕ್ಕ ಟೈಲರು. ಮುಂಗೋಣೆಯ ತುಂಬ ಬಟ್ಟೆಯ ಗಂಟು, ಕಿಟಕಿಯ ಬಳಿ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನು. ಭಾವ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ.

"ನಿಮ್ಮ ಬಸ್ಸೇ ಸರಿಯಿಲ್ಲ ಕಣೇ. ಪೆಡಲ್ ಒದೆಯುತ್ತೆ" ಎಂದ.

"ಕುಣಿಯಲಾರದೋರು ನೆಲ ಡೊಂಕು ಅಂದ್ರಂತೆ. ಅದು ಒದೆಯೋದಲ್ಲ ಭಾವ, ಕೆಲಸ ಮಾಡೋದು. ಒಂದೊಂದು ಗಾಲಿಗೂ ಹಲ್ಲಿರೋ ಬಳೆ ತೊಡಿಸಿದಾರೆ. ಪಕ್ಕದಲ್ಲೇ ಒಂದು ಸೆನ್ಸರು. ಬಳೆ ತಿರುಗಿದ ಹಾಗೆ ಹಲ್ಲು ಎಣಿಸೋದೇ ಅದರ ಕೆಲಸ. ಎಣಿಸಿದ್ದನ್ನ ಡಬ್ಬಿಗೆ ಚಾಡಿ ಹೇಳುತ್ತೆ."

"ಯಾವ ಡಬ್ಬಿ?"

"ಎಬಿಎಸ್ ಡಬ್ಬಿ. ಮೂರು ಗಾಲಿ ಉರುಳ್ತಾ ಒಂದು ಮಾತ್ರ ದಿಢೀರಂತ ನಿಧಾನ ಆಯ್ತು ಅನ್ನಿ, 'ಇದು ಜಾಮ್ ಆಗ್ತಿದೆ' ಅಂತ ಡಬ್ಬಿಗೆ ಗೊತ್ತಾಗುತ್ತೆ. ಆ ಗಾಲಿಗೆ ಹೋಗೋ ಬ್ರೇಕ್ ಎಣ್ಣೆ ಒತ್ತಡ ಚೂರು ಸಡಿಲ ಮಾಡುತ್ತೆ. ಗಾಲಿ ಉರುಳಿದ ತಕ್ಷಣ ಮತ್ತೆ ಬಿಗಿ. ಮತ್ತೆ ಸಡಿಲ. ಆ ಎಣ್ಣೆ ಹಿಂದೆ ಮುಂದೆ ಆಡೋದೇ ನಿಮ್ಮ ಕಾಲಿಗೆ ಗರಗರ ಅನ್ನೋದು."

"ಅದನ್ನೇ ಅಲ್ವೇನೇ ನಾನೂ ಮಾಡೋದು?"

"ಸೆಕೆಂಡಿಗೆ ಎಷ್ಟು ಸಲ ತಟ್ತೀರಿ?"

"ಎರಡು. ಮೈಯಲ್ಲಿ ಹುರುಪಿದ್ರೆ ಮೂರು."

"ಅದು ಹತ್ತಕ್ಕೂ ಜಾಸ್ತಿ ತಟ್ಟುತ್ತೆ. ಅದೂ ಗಾಲಿಗೊಂದು ಲೆಕ್ಕ. ನಿಮಗೇನು ನಾಲ್ಕು ಕಾಲಿದೆಯಾ?"

"ನಾಲ್ಕು ಕಾಲಿದ್ದಿದ್ರೆ ಯಾವತ್ತೋ ಗೂಟಕ್ಕೆ ಕಟ್ಟಿರ್ತಿದ್ದೆ" ಎಂದಳು ಅಕ್ಕ, ಬಾಯಲ್ಲಿದ್ದ ದಾರವನ್ನು ಕಚ್ಚಿ ಹರಿಯುತ್ತ.

"ಜಲ್ಲಿ ಮೇಲೆ ನಿಮ್ಮ ಎಬಿಎಸ್ಸು ಇನ್ನೂ ದೂರ ಹೋಗಿ ನಿಲ್ಲುತ್ತಂತೆ?" ಭಾವ ಕೊನೆಯ ಬಾಣ ಬಿಟ್ಟ.

"ಹೌದು, ಎಷ್ಟೋ ಸಲ ಹಾಗಾಗುತ್ತೆ. ಅದು ಬೇಗ ನಿಲ್ಲಿಸ್ತೀನಿ ಅಂತ ಆಣೆ ಇಟ್ಟಿಲ್ಲ. ಗಾಲಿ ಉರುಳ್ತಾ ಇದ್ರೆ ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತೆ. ಬ್ರೇಕೂ ಹಾಕಬಹುದು, ಪಕ್ಕಕ್ಕೂ ತಿರುಗಿಸಬಹುದು. ನೀವು ಒತ್ತಿ ಹಿಡೀರಿ, ತಟ್ಟೋದು ಅದಕ್ಕೆ ಬಿಡಿ."

ಮಾತೇನೋ ತಲೆಗೆ ಹೋಯಿತು. ಆದರೆ ಪೆಡಲ್ಲು ಒದ್ದಾಗ ಮೇಲೇಳುವುದು ತಲೆಯಲ್ಲ, ಕಾಲು. ಬ್ರೇಕಕ್ಕ ಕೋಣೆಯ ಸುತ್ತ ಕಣ್ಣಾಡಿಸಿದಳು. ಎದ್ದುಹೋಗಿ, ಸೂಜಿ ಕುಣಿಯದಂತೆ ಹೊಲಿಗೆ ಮೆಷಿನ್ನಿನ ಬೆಲ್ಟು ಬಿಚ್ಚಿದಳು.

"ಕೂತ್ಕೊಳ್ಳಿ ಭಾವ. ಬಲಗಾಲು ಪೆಡಲ್ ಮೇಲಿಡಿ."

ತಾನು ನೆಲಕ್ಕೆ ಕೂತು ಕೆಳಗಿನ ದೊಡ್ಡ ಚಕ್ರವನ್ನು ಎರಡೂ ಕೈಯಿಂದ ಗಿರ್ರನೆ ತಿರುಗಿಸಿದಳು. ಪೆಡಲ್ಲು ಅವನ ಕಾಲನ್ನು ಒದೆಯಿತು. ಕಾಲು ಮೇಲೆ ಹಾರಿತು. ಪಕ್ಕದಲ್ಲಿ ನಿಂತಿದ್ದ ಅಕ್ಕ ಮರದ ಸ್ಕೇಲಿನಿಂದ ಮೊಣಕಾಲಿಗೆ ಪಟ್ ಎಂದು ಕೊಟ್ಟಳು.

"ಏಯ್! ಗಂಡನಿಗೆ ಹೊಡೀತೀಯೇನೇ?"

"ಗಂಡನಿಗಲ್ಲ ರೀ, ಕಾಲಿಗೆ. ನೀವು ಸುಮ್ನಿರಿ, ಮಧ್ಯ ಬರಬೇಡಿ."

ದಿನಾ ಸಂಜೆ ಇದೇ ಕಾಯಕ. ಮೊದಲ ದಿನ ಹದಿನೇಳು ಏಟು. ಎರಡನೆಯ ದಿನ ಹನ್ನೊಂದು. ಐದನೆಯ ದಿನ ಒಂದು, ಅದೂ ಅಕ್ಕ ಹಳೆಯ ಯಾವುದೋ ಸಿಟ್ಟಿಗೆ ಕೊಟ್ಟದ್ದೆಂದು ಭಾವನ ದೂರು. ಆರನೆಯ ದಿನ ಪೆಡಲ್ಲು ಎಷ್ಟು ಕುಣಿದರೂ ಕಾಲು ಮೆತ್ತಿಕೊಂಡೇ ಇತ್ತು. ಅವನ ಕೈಗೆ ಊಟದ ತಟ್ಟೆ ಕೊಟ್ಟು ಎಡಕ್ಕೆ ಬಲಕ್ಕೆ ತಿರುಗಿಸಲು ಹೇಳಿದರು. ಅದೇ ಸ್ಟೀರಿಂಗು.

ಪರೀಕ್ಷೆಯ ದಿನ ಚೀಲದಪ್ಪನಿಗೆ ಹೊಸ ಟೋಪಿ. ಗೋಡೆಯ ಮೇಲೆ ಡ್ರೈವರುಗಳ ಸಾಲು. ಅವರಲ್ಲೂ ಏಳು ಜನ ಅಷ್ಟರಲ್ಲಿ ಟೋಪಿ ಅಪ್ಪಚ್ಚಿ ಮಾಡಿದವರೇ. ಬ್ರೇಕಕ್ಕ ಪಾನಾ ಹಿಡಿದು ನಿಂತಿದ್ದಳು.

ಬಸ್ಸು ನಲವತ್ತಕ್ಕೆ ಬಂತು. ಬಿಳಿ ಗೆರೆ. ತಬಲಾ ಒತ್ತಿದ. ಪೆಡಲ್ಲು ಒದೆಯಿತು. ಗಾಜಿನೊಳಗೆ ಅವನ ತುಟಿ ಆಡುತ್ತಿದ್ದದ್ದು ಎಲ್ಲರಿಗೂ ಕಂಡಿತು. ಡ್ರೈವರುಗಳು ದೇವರ ಹೆಸರೆಂದುಕೊಂಡರು. ಅವನು ಹೇಳುತ್ತಿದ್ದದ್ದು "ಸ್ಕೇಲು, ಸ್ಕೇಲು" ಎಂದು. ಕಾಲು ಮೇಲೇಳಲಿಲ್ಲ. ಸ್ಟೀರಿಂಗು ತಿರುಗಿತು, ಬಸ್ಸು ಹೇಳಿದ ಮಾತು ಕೇಳಿತು, ಚೀಲದಪ್ಪನ ಪಕ್ಕದಲ್ಲೇ ಸುತ್ತು ಬಳಸಿ ನಿಂತಿತು. ಟೋಪಿ ಗಾಳಿಗೆ ಸ್ವಲ್ಪ ವಾಲಿತು, ಅಷ್ಟೇ.

ಗೋಡೆಯ ಮೇಲಿನವರಿಗೆ ನಿರಾಸೆ. ಮ್ಯಾನೇಜರಿಗೆ ಸಂತೋಷ.

"ಎಲ್ಲಿ ಕಲಿತ್ರೀ ಇದನ್ನ?"

"ಟೈಲರ್ ಹತ್ರ ಸಾರ್."

ಮರುದಿನ ಸಂಜೆ ಅಕ್ಕನ ಬಾಗಿಲಲ್ಲಿ ಏಳು ಜನ ಡ್ರೈವರುಗಳು. ಎಲ್ಲರ ಕೈಯಲ್ಲೂ ಒಂದೊಂದು ಪ್ಯಾಂಟು, ಒಂದೂ ಹರಿದಿರಲಿಲ್ಲ.

"ಏನ್ ಹೊಲೀಬೇಕು?" ಎಂದಳು ಅಕ್ಕ.

ಅವರು ಪ್ಯಾಂಟುಗಳನ್ನು ಬೆನ್ನ ಹಿಂದೆ ಸರಿಸಿದರು. ಒಳಗಿನಿಂದ ಬ್ರೇಕಕ್ಕ ಕೂಗಿದಳು: "ಚಪ್ಪಲಿ ಬಿಟ್ಟು ಒಬ್ಬೊಬ್ಬರೇ ಬನ್ನಿ." ಅವಳು ಆಗಲೇ ಬೆಲ್ಟು ಬಿಚ್ಚಿ ಚಕ್ರದ ಪಕ್ಕ ಕೂತಿದ್ದಳು. ಭಾವ ತೋಳು ಮಡಿಸಿಕೊಂಡು ಮೆಷಿನ್ನಿನ ಬಳಿ ನಿಂತಿದ್ದ. ಈ ಸಲ ಸ್ಕೇಲು ಅವನ ಕೈಯಲ್ಲಿತ್ತು.