ಸ್ಯಾಂಪಲ್ ಸಾಹೇಬರ ಉಪವಾಸ

ಖಾಲಿ ಬಾಟಲಿಗಳ ಕಿಣಿಕಿಣಿ ಕೇಳಿದರೆ, ಕೊಳಚೆ ನೀರು ಪರೀಕ್ಷಿಸುವ ಸಾಹೇಬರು ಸ್ಕೂಟರಿನಲ್ಲಿ ಬಂದರೆಂದು ಜೇವರ್ಗಿಯ ನಮ್ಮ ಓಣಿಗೆ ಗೊತ್ತಾಗುತ್ತಿತ್ತು. ಪಕ್ಕದ ಬಣ್ಣದ ಕಾರ್ಖಾನೆಯಿಂದ ನನ್ನ ಬಾವಿ ನೀರು ಕೆಂಪಾಗಿತ್ತು. ಪ್ರೂಫ್ ಅವರ ಬಾಟಲಿಯಲ್ಲೇ ಸಿಗಬೇಕಿತ್ತು. ಬಟ್ ಮ್ಯಾನೇಜರ್ ಮಹಾ ಕ್ಲೆವರ್. “ಬರ್ರಿ ಸಾಹೇಬ್ರ, ಮೊದಲ ನಾಷ್ಟಾ” ಎಂದು ಕೂರಿಸಿ, ಅಷ್ಟರಲ್ಲಿ ಕಾರ್ಖಾನೆಯ ಮೋರಿಗೆ ಬೋರ್‌ವೆಲ್ ನೀರು ಬಿಡಿಸುತ್ತಿದ್ದ. ನಮ್ಮ ಕಡೆ ಒಲ್ಲೆ ಎನ್ನುವುದು ಭಾರೀ ಇನ್ಸಲ್ಟ್. ಸಾಹೇಬರೋ, ಮಂಡಕ್ಕಿ ಒಗ್ಗರಣೆಯ ಸುಸಲಾ ಕಂಡರೆ ಕರಗುವವರು.

ಒಂದು ದಿನ ಮಾತ್ರ, “ಇವತ್ತು ನಂದು ಉಪವಾಸ ಅದರಿ” ಎಂದು ನೆಟ್ಟಗೆ ಮೋರಿಗೇ ಹೋದರು.

“ಬುಧವಾರ ಯಾವ ದೇವ್ರದ್ರಿ?” ಎಂದ ಮ್ಯಾನೇಜರ್.

“ಮನಿ ದೇವ್ರದ್ರಿ.”

ಬಾಟಲಿ ತುಂಬಾ ಕೆಂಪು ನೀರು!

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಂದೇ, ನನ್ನ ಬಾವಿಕಟ್ಟೆಯ ಮೇಲೆ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದಾಗ. ಹುಡುಕಿಕೊಂಡು ಬಂದ ಮ್ಯಾನೇಜರ್ ಕಿರುಚಿದ: “ಇದೇನ್ರಿ ಉಪವಾಸ?”

ಸಾಹೇಬರು ತುತ್ತು ನುಂಗಿ ಹೇಳಿದರು: “ನಿಮ್ಮ ನೀರು ಸಿಕ್ತಲ್ರಿ, ಉಪವಾಸ ಬಿಟ್ಟೆ.”