ಬಯ್ಯಪ್ಪ ಮತ್ತೆ ಸೀರೆ ಉಟ್ಟದ್ದು

ನಗರಗೆರೆಯ ಬಯ್ಯಪ್ಪ ಹೆಣ್ಣುವೇಷ ಕಟ್ಟಿ ರಂಗಕ್ಕೆ ಬಂದರೆ ಮುಂದೆ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಮಗಳು ಪವಿತ್ರಳನ್ನು ನೋಡಲು ಬಂದ ಗಂಡಿನ ಕಡೆಯವರು, "ಸೀರೆ ಉಡೋ ಬಯ್ಯಪ್ಪನ ಮಗಳೇನಪ್ಪಾ ಈ ಹುಡುಗಿ?" ಎಂದು ಕಿಸಕ್ಕನೆ ನಕ್ಕು ಎದ್ದುಹೋದರು. ಅವತ್ತೇ ಅವನು ನಾಟಕ ಬಿಟ್ಟ, ಮೀಸೆ ಬಿಟ್ಟ. ಪವಿತ್ರಳಿಗೆ ಬೇರೆ ಕಡೆ ಮದುವೆಯಾಯಿತು. ಅವನು ಕುಡುಮಲಕುಂಟೆಯ ಬಟ್ಟೆ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಕಳೆದ.

ಹೋದ ವರ್ಷ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಸೂಪರ್‌ವೈಸರ್ ಮೋಹನ್‌ಬಾಬು ನಾಟಕ ಮಾಡಿಸಲು ಹೊರಟ. "ಏಮನ್ನಾ, ಇಲ್ನೋಡು" ಎಂದು ಮೊಬೈಲಿನಲ್ಲಿ ಹಳೆಯ ಹಾಲಿವುಡ್ ಸಿನಿಮಾ ತೋರಿಸಿದ. ರೌಡಿಗಳಿಗೆ ಹೆದರಿದ ಇಬ್ಬರು ವಾದ್ಯಗಾರರು ಸ್ತ್ರೀವೇಷದಲ್ಲಿ ಹೆಂಗಸರ ಬ್ಯಾಂಡ್ ಸೇರಿಕೊಳ್ಳುವ ಕತೆ.

"ಇದೂ ರೀಮೇಕೇ ಕಣಣ್ಣ. ಮುಂಚೆ ಬೇರೆ ದೇಶದೋರು ಮಾಡಿದ್ರಂತೆ. ನಾವೂ ಒಂದು ಕೈ ನೋಡಣ. ಒಂದು ವೇಷ ನಾನು, ಇನ್ನೊಂದು ನೀನು."

"ಆ ಮೊದಲನೇದು ನೋಡಿದೀಯೇನಪ್ಪಾ?"

"ಅದನ್ಯಾರು ನೋಡ್ತಾರೆ, ಬಿಡಣ್ಣ."

"ನಂಗ್ಯಾಕಪ್ಪಾ ಈಗ" ಎಂದ ಬಯ್ಯಪ್ಪ, ಮನೆಗೆ ಹೋದವನೇ ಮೀಸೆ ಬೋಳಿಸಿದ. ಹೆಂಡತಿ ಮುನಿಶಾಮಮ್ಮ ಏನೂ ಕೇಳದೆ ಟ್ರಂಕಿನಿಂದ ತನ್ನ ಹಸಿರು ರೇಷ್ಮೆ ಸೀರೆ ತೆಗೆದುಕೊಟ್ಟಳು. ಒಂದು ತಿಂಗಳು ಅವನು ದಿನಾ ಹಿತ್ತಿಲಲ್ಲಿ ನಡಿಗೆ ಅಭ್ಯಾಸ ಮಾಡಿದ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಶಾಮಿಯಾನದ ಕೆಳಗೆ ಬಯ್ಯಪ್ಪ ರಂಗಕ್ಕೆ ಬಂದ. ಕತ್ತು ತುಸು ಬಾಗಿಸಿ, ನೆರಿಗೆ ಕಾಲಿಗೆ ತೊಡರದಂತೆ, ನೀರಿಗೆ ಹೊರಟ ಹೆಣ್ಣಿನ ಹಾಗೆ ನಡೆದ. ಯಾರೂ ನಗಲಿಲ್ಲ. "ಯಾರೇ ಇವಳು?" ಎಂದು ಹೊಲಿಗೆ ವಿಭಾಗದ ಹುಡುಗಿಯರು ಪಿಸುಗುಟ್ಟಿದರು. ಬಯ್ಯಪ್ಪನ ಎದೆ ತುಂಬಿತು.

ಅಷ್ಟರಲ್ಲಿ ಮೋಹನ್‌ಬಾಬು ಎಡವುತ್ತ ಬಂದು ದೊಪ್ಪನೆ ಬಿದ್ದ. ಜನ ಹೋ ಎಂದು ನಕ್ಕರು. ಅವನು ಏಳುತ್ತಲೇ ಬಯ್ಯಪ್ಪನ ಕಿವಿಯಲ್ಲಿ, "ಅಣ್ಣಾ, ಕಾಮಿಡಿ ಇದು. ಏನಾದ್ರೂ ಮಾಡಣ್ಣ, ಸಾಹೇಬ್ರು ಕೂತವ್ರೆ" ಎಂದ.

ಬಯ್ಯಪ್ಪ ನಗುತ್ತಿದ್ದ ಜನರತ್ತ ನೋಡಿದ. ಆಮೇಲೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ, ರೋಮ ತುಂಬಿದ ಕಾಲು ತೋರಿಸಿ ಕುಣಿದ. ಶಿಳ್ಳೆಯೋ ಶಿಳ್ಳೆ. ಹೆಂಗಸರ ಸಾಲಿನಲ್ಲಿ ಕೂತಿದ್ದ ಮುನಿಶಾಮಮ್ಮ ಎದ್ದು ಹೊರಗೆ ಹೋದದ್ದು ಅವನಿಗೆ ಕಾಣಿಸಿತು. ಆದರೂ ಕುಣಿಯುತ್ತಲೇ ಇದ್ದ.

ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಕೇಳಿದಳು: "ಅಷ್ಟು ಚೆನ್ನಾಗಿ ಬಂದೆ. ಯಾಕಂಗೆ ಮಾಡ್ದೆ?"

"ನಗ್ಲಿಲ್ವಲ್ಲೇ ಅವ್ರು."

"ನಗದಿದ್ರೆ ಏನಾಗ್ತಿತ್ತು?"

ಬಯ್ಯಪ್ಪ ತುಟಿಯಲ್ಲಿ ಉಳಿದಿದ್ದ ಬಣ್ಣವನ್ನು ಟವೆಲಿನಿಂದ ಒರೆಸಿಕೊಂಡ.

ಮರುದಿನದಿಂದ ಸ್ಕೂಟರಿನಲ್ಲಿ ಬರುವವರೆಲ್ಲ "ಅಕ್ಕಾ, ಗೇಟ್ ತೆಗಿಯಕ್ಕಾ" ಎನ್ನತೊಡಗಿದರು. ಒಂದು ವಾರ ತಡೆದುಕೊಂಡು, ಆಮೇಲೆ ತಾನೇ ಕೇಳಿ ಹಿಂದಿನ ಗೇಟಿಗೆ ಡ್ಯೂಟಿ ಹಾಕಿಸಿಕೊಂಡ. ಅಲ್ಲಿಗೆ ಬರುವುದು ಹೊರಗಿನ ಲಾರಿಗಳು ಮಾತ್ರ. ಡ್ರೈವರುಗಳು ಚೀಟಿ ಕೊಟ್ಟು, ಅವನ ಮುಖವನ್ನೂ ನೋಡದೆ ಒಳಗೆ ಹೋಗುತ್ತಾರೆ.